ದೊಡ್ಡ ದೇಗಿನ ಭಾನುವಾರ

ಉಪ್ಪಾರಹಳ್ಳಿಯ ನಮ್ಮ ಮನೆಯ ಗೇಟಿನ ಪಕ್ಕದ ಶೆಡ್ಡಿನಲ್ಲಿ ಏಳು ತಾಮ್ರದ ದೇಗುಗಳಿವೆ. ಮದುವೆ, ಮದುವೆಯಾದ ಮೇಲೆ ಗಂಡಿನ ಕಡೆಯವರು ಹಾಕಿಸುವ ವಲೀಮದ ಊಟ, ಸಾವಿನ ನಲವತ್ತನೆಯ ದಿನದ ಊಟ, ಯಾವುದಕ್ಕಾದರೂ ಸರಿ, ಬಿರಿಯಾನಿ ಬೇಯಿಸಲು ಬೇಕೆಂದವರಿಗೆ ಕೊಡುವುದು ಗಂಡನ ಮನೆಯವರು ತಾತನ ಕಾಲದಿಂದ ನಡೆಸಿಕೊಂಡು ಬಂದ ಪದ್ಧತಿ. ಬಾಡಿಗೆ ಇಲ್ಲ. ಕಲಾಯಿ ಕೆರೆಯದಂತೆ ತೊಳೆದು ತಂದರೆ ಸಾಕು. ಏಳರಲ್ಲಿ ಒಂದು ಬಹಳ ದೊಡ್ಡದು, ಅದರ ಕಿವಿಯ ಹತ್ತಿರ ಉಗುರಿನಷ್ಟು ಒಂದು ತಗ್ಗು. ಆ ದೇಗಿನ ವಿಷಯದಲ್ಲೇ ನಾನು ನನ್ನ ಭಾವನ ಮೇಲೆ, ಎಂದರೆ ಗಂಡನ ಅಣ್ಣನ ಮೇಲೆ, ಸೇಡು ತೀರಿಸಿಕೊಂಡೆ.

ನಾನು ಸೊಸೆಯಾಗಿ ಬಂದಾಗ ದೇಗುಗಳ ಸರದಿ ಪೂರ್ತಿ ಅತ್ತೆಯ ತಲೆಯಲ್ಲಿತ್ತು. ಹಜಾರದ ಮಂಚದ ಮೇಲೆ ಕೂತು, ಎಲೆ ಅಡಿಕೆ ಮೆಲ್ಲುತ್ತಾ, ಬಂದವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಡುತ್ತಿದ್ದರು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಒಬ್ಬರ ಕಡೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಒಂದೇ ಭಾನುವಾರವನ್ನು ಇಬ್ಬರಿಗೆ ಕೊಟ್ಟದ್ದು ನಾನು ನೋಡಿಲ್ಲ.

ನನ್ನ ತವರು ಕುಣಿಗಲ್ಲಿನಲ್ಲಿ ತಂಗಿಯ ಮದುವೆ ನಿಶ್ಚಯವಾದಾಗ ದೊಡ್ಡ ದೇಗು ನಿಮ್ಮಪ್ಪನಿಗೇ ಎಂದು ಅತ್ತೆ ನನ್ನ ಕೈ ಹಿಡಿದು ಹೇಳಿದ್ದರು. ಮದುವೆಗೆ ಹದಿನೈದು ದಿನ ಇರುವಾಗ ಅವರಿಗೆ ಲಕ್ವ ಹೊಡೆಯಿತು. ಮಾತು ನಿಂತಿತು. ಶೆಡ್ಡಿನ ಬೀಗದಕೈ ಭಾವನ ಜೇಬಿಗೆ ಹೋಯಿತು. ದೊಡ್ಡ ದೇಗನ್ನು ಅವರು ಗುಬ್ಬಿಯ ಒಬ್ಬ ಕೊಬ್ಬರಿ ಮಂಡಿಯವರ ಮನೆಗೆ ಕಳಿಸಿಬಿಟ್ಟರು.

"ಅಮ್ಮಿ ನಮಗೆ ಕೊಡ್ತೀನಿ ಅಂದಿದ್ರು ಭಾಯಿಜಾನ್," ಎಂದೆ.

"ಎಲ್ಲಿ ಬರೆದಿದೆ?" ಎಂದರು ಭಾವ, ಟೀವಿಯಿಂದ ಕಣ್ಣು ತೆಗೆಯದೆ. "ನೀನು ಕಾನ್ವೆಂಟ್‌ನಲ್ಲಿ ಓದಿದವಳಲ್ವಾ? ಎಲ್ಲಿ ಬರೆದಿದೆ, ತೋರ್ಸು."

ಮಂಚದ ಮೇಲಿನ ಅತ್ತೆಯ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು.

ಮದುವೆಯ ದಿನ ಚಿಕ್ಕ ದೇಗುಗಳಲ್ಲಿ ಬೇಯಿಸಿದ್ದು ಸಾಲಲಿಲ್ಲ. ಕೊನೆಯ ಪಂಕ್ತಿಯಲ್ಲಿ ಗಂಡಿನ ಕಡೆಯವರು ಖಾಲಿ ತಟ್ಟೆಯ ಮುಂದೆ ಕೂತಿದ್ದರು. ಅಬ್ಬಾ ಬಾಗಿಲಲ್ಲಿ ನಿಂತು, "ಹತ್ತೇ ನಿಮಿಷ, ಹತ್ತೇ ನಿಮಿಷ" ಎಂದು ಕೈ ಮುಗಿಯುತ್ತಿದ್ದರು. ಅವರ ಶೇರ್ವಾನಿಯ ಮೇಲಿನ ಗುಂಡಿ ತಪ್ಪು ಕಾಜಿಗೆ ಬಿದ್ದಿತ್ತು. ಹೋಗಿ ಸರಿ ಮಾಡಲು ನನಗೆ ಕಾಲು ಬರಲಿಲ್ಲ.

ಅತ್ತೆ ತೀರಿಕೊಂಡ ಮೇಲೆ, ಗಂಡ ಬಿದರೆಹಳ್ಳಿ ಕಾವಲ್ ಕಡೆಯ ಕೆಲಸಕ್ಕೆ ಹೊರಟ ನಂತರದ ಎರಡು ಗಂಟೆ ಹೊತ್ತು, ಅವರ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂರತೊಡಗಿದೆ. ದೇಗುಗಳ ಸರದಿಯನ್ನು ಯಾರು ಬೇಕಾದರೂ ಫೋನಿನಲ್ಲಿ ನೋಡುವಂತೆ ಸರ್ವರ್ ಎನ್ನುವ, ಕೇಳಿದವರಿಗೆಲ್ಲ ಉತ್ತರಿಸುವ ಒಂದು ಸಣ್ಣ ಪ್ರೋಗ್ರಾಮು ಬರೆಯಬೇಕೆಂಬ ಹಟ. ಕಾನ್ವೆಂಟಿನ ಸಿಸ್ಟರ್‌ಗಳು ಬೆರಳಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಇಂಗ್ಲಿಷು ವಿಡಿಯೋ ಪಾಠಗಳಿಗೆ ಸಾಕಾಯಿತು. ಸರ್ವರಿಗೆ ಬರುವ ಒಂದು ಪ್ರಶ್ನೆಗೆ ಇನ್ನೊಂದರ ನೆನಪಿರುವುದಿಲ್ಲವಂತೆ. ಹಾಗಾಗಿ ಪಟ್ಟಿಯನ್ನು ನೆನಪಿಟ್ಟುಕೊಳ್ಳಲೆಂದೇ ಒಂದು ಪ್ರೊಸೆಸ್, ಎಂದರೆ ಪ್ರೋಗ್ರಾಮಿನ ಒಂದು ತುಣುಕು, ಒಳಗೆ ಸದಾ ಓಡುತ್ತಿರಬೇಕು. ಎಲ್ಲರೂ ಅದನ್ನೇ ಕೇಳಬೇಕು. ಅದು ಒಬ್ಬರಾದ ಮೇಲೆ ಒಬ್ಬರಿಗೆ ಉತ್ತರ ಕೊಡುತ್ತದೆ. ವಿಡಿಯೋದ ಮೇಷ್ಟ್ರು ಬಾಣದ ಗುರುತು ಎಳೆದು ಇದನ್ನು ವಿವರಿಸುತ್ತಿದ್ದರೆ ನನಗೆ ನಗು ಬಂತು. ಅದು ನಮ್ಮ ಅತ್ತೆ!

ಅತ್ತೆಗಿದ್ದ ಅಪಾಯವೇ ಅದಕ್ಕೂ ಇತ್ತು. ಪಟ್ಟಿ ಇರುವುದು ಓಡುತ್ತಿರುವ ಪ್ರೊಸೆಸ್ಸಿನ ನೆನಪಿನಲ್ಲಿ ಮಾತ್ರ. ಅದು ಒಮ್ಮೆ ನಿಂತರೆ ಮತ್ತೆ ಶುರುವಾಗುವುದು ಖಾಲಿ ತಲೆಯಿಂದ. ಫೈಲಿಗೆ ಬರೆದಿಡುವುದನ್ನು ನಾನಿನ್ನೂ ಕಲಿತಿರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಕರೆಂಟು ಹೋದರೆ ಯುಪಿಎಸ್ ಎರಡು ಗಂಟೆ ಎಳೆಯುತ್ತಿತ್ತು, ಅಷ್ಟೇ. ಅದಕ್ಕೇ ದಿನಾ ಸಂಜೆ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿಯನ್ನು ದುಂಡಗೆ ನಕಲು ಮಾಡಿಡುತ್ತಿದ್ದೆ. ಈ ಮಾತು ಯಾರಿಗೂ ಹೇಳಲಿಲ್ಲ.

"ಏನಮ್ಮಾ ಕಾನ್ವೆಂಟು, ದೇಗಿಗೂ ಇಂಗ್ಲಿಷ್ ಕಲಿಸ್ತಾ ಇದೀಯಂತೆ?" ಎಂದು ಭಾವ ಮೊದಮೊದಲು ಹಾಸ್ಯ ಮಾಡಿದರು. ಮೊಹಲ್ಲದವರೆಲ್ಲ ಲಿಂಕ್ ಬಳಸತೊಡಗಿದ ಮೇಲೆ, ಹಜಾರದ ತುಂಬ ಕೂತಿದ್ದ ಹಿರಿಯರ ಮುಂದೆ ಎದೆ ಉಬ್ಬಿಸಿ, "ನಾನೇ ಕೂತ್ಕೊಂಡು ಮಾಡ್ಸಿದ್ದು ಕಣ್ರೀ. ಇನ್ಮೇಲೆ ಮೋಸ ಗೀಸ ನಡೆಯಲ್ಲ," ಎಂದರು. ಅವರಿಗೆಲ್ಲ ಚಹಾ ಕೊಡುತ್ತಿದ್ದವಳು ನಾನು. ಭಾವನ ಲೋಟಕ್ಕೆ ಸಕ್ಕರೆ ಹಾಕಿದೆನೋ ಇಲ್ಲವೋ ಈಗ ನೆನಪಿಲ್ಲ. ಹಾಕಿರಲಿಕ್ಕಿಲ್ಲ.

ಆಮೇಲೆ ಭಾವನ ಮಗಳ ಮದುವೆ ಗೊತ್ತಾಯಿತು. ಆ ಭಾನುವಾರಕ್ಕೆ ದೊಡ್ಡ ದೇಗು ಅವರ ಹೆಸರಿಗಾಯಿತು. ಅದೇ ಭಾನುವಾರ ಕುಣಿಗಲ್ಲಿನಲ್ಲಿ ನನ್ನ ತಮ್ಮನ ವಲೀಮ. "ಸಿಕ್ಕಿದ್ರೆ ಸರಿ, ಇಲ್ದಿದ್ರೆ ಬಿಡಮ್ಮ," ಎಂದರು ಅಬ್ಬಾ ಫೋನಿನಲ್ಲಿ. ಬಿಡಮ್ಮ ಎಂದದ್ದೇ ನನ್ನನ್ನು ಕೊರೆಯಿತು.

ಒಂದು ಬೆಳಿಗ್ಗೆ ನಾವೆಲ್ಲ ಗುಬ್ಬಿಗೆ ಸಾವಿನ ಮನೆಗೆ ಹೊರಟೆವು. ಮನೆ ಬಿಡುವಾಗ ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್‌ಗಳನ್ನೆಲ್ಲ ಆಫ್ ಮಾಡುವುದು ಭಾವನ ಅಭ್ಯಾಸ, ಮಹಡಿಯ ಮೇಲಿನ ನಮ್ಮ ಮನೆಯದೂ ಸೇರಿ. ಸಾಮಾನ್ಯವಾಗಿ ನಾನು ಮುಂದೆ ಹೋಗಿ, "ಮೇಲಿಂದು ಬಿಡಿ, ಫ್ರಿಜ್ಜಲ್ಲಿ ಹಾಲಿದೆ," ಎನ್ನುತ್ತಿದ್ದೆ. ಅಂದು ಅವರ ಕೈ ನಮ್ಮ ಸ್ವಿಚ್ಚಿನ ಮೇಲೆ ಹೋಗುವುದನ್ನು ನೋಡಿದೆ. ದುಪಟ್ಟಾದ ಪಿನ್ನು ಸರಿ ಮಾಡಿಕೊಂಡು ಕಾರು ಹತ್ತಿದೆ.

ಸಂಜೆ ಬಂದಾಗ ಹಾಲು ಒಡೆದಿತ್ತು. ಲ್ಯಾಪ್‌ಟಾಪ್ ಆನ್ ಮಾಡಿದರೆ ಪಟ್ಟಿ ಬೋಳು. ನೋಟ್‌ಬುಕ್ ತೆರೆದು ಒಬ್ಬೊಬ್ಬರ ಹೆಸರನ್ನೂ ಅವರವರ ದಿನಕ್ಕೆ ಸೇರಿಸಿದೆ. ಒಂದೇ ಒಂದು ಭಾನುವಾರದಲ್ಲಿ ಭಾವನ ಹೆಸರಿರಬೇಕಾದ ಕಡೆ ಕುಣಿಗಲ್ಲಿನ ನನ್ನ ತವರು ಎಂದು ಹಾಕಿದೆ.

ಮಾರನೆಯ ದಿನ ಭಾವ ಫೋನು ಹಿಡಿದು ಮಹಡಿ ಹತ್ತಿ ಬಂದರು. ಅಷ್ಟು ವರ್ಷದಲ್ಲಿ ಅದೇ ಮೊದಲು.

"ನನ್ನ ಮಗಳ ಮದುವೆ ಎಲ್ಲಮ್ಮಾ? ಕುಣಿಗಲ್ ಅಂತ ತೋರಿಸ್ತಾ ಇದೆ!"

"ನೀವು ಮೇನ್ ಆಫ್ ಮಾಡಿದ್ರಲ್ಲ ಭಾಯಿಜಾನ್. ಎಲ್ಲಾ ಅಳಿಸಿಹೋಯ್ತು. ಮತ್ತೆ ಯಾರು ಮೊದಲು ಕೇಳಿದ್ರೋ ಅವ್ರದ್ದು ಹಾಕಿದೆ."

"ನಂದು ಮೊದಲೇ ಇತ್ತಲ್ಲ! ಎಲ್ರಿಗೂ ಗೊತ್ತು!"

"ಎಲ್ಲಿ ಬರೆದಿದೆ ಭಾಯಿಜಾನ್?"

ಅವರು ಮೇಜಿನ ಮೇಲೆ ಮೊಣಕೈ ಊರಿ ಫೋನಿನ ಪಟ್ಟಿಯನ್ನು ಮತ್ತೆ ಮೇಲೆ ಕೆಳಗೆ ಸರಿಸಿದರು. ನೋಟ್‌ಬುಕ್ ಅವರ ಮೊಣಕೈಯ ಪಕ್ಕದಲ್ಲೇ, ಮೇಜುಬಟ್ಟೆಯ ಕೆಳಗಿತ್ತು.

ಮೋಸ ನಡೆಯಲ್ಲ ಎಂದು ಹಿರಿಯರ ಮುಂದೆ ಹೇಳಿದವರು ಎಲ್ಲರೂ ನೋಡುವ ಪಟ್ಟಿಯನ್ನು ಮೀರುವಂತಿರಲಿಲ್ಲ. ಕುಣಿಗಲ್ಲಿಗೆ ಹೋಗಿ ಅಬ್ಬಾನನ್ನೇ ಕೇಳುವುದೊಂದೇ ಅವರಿಗೆ ಉಳಿದ ದಾರಿ. ಅದೇ ಕಾರಿನಲ್ಲಿ ನಾನೂ ಹೋದೆ. ನನಗದನ್ನು ಕಣ್ಣಾರೆ ನೋಡಬೇಕಿತ್ತು. ಭಾವ ನನ್ನ ತವರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎರಡು ಸಲ ಗಂಟಲು ಸರಿ ಮಾಡಿಕೊಂಡು, "ಆ ಭಾನುವಾರ..." ಎಂದು ಶುರು ಮಾಡಿದರು. ಮಾತು ಮುಗಿಯಲು ಅಬ್ಬಾ ಬಿಡಲೇ ಇಲ್ಲ.

"ಅಯ್ಯೋ, ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಹೆಣ್ಣುಮಗು ಮದುವೆ, ನೀವೇ ಇಟ್ಕೊಳ್ಳಿ. ನಮಗೆ ಚಿಕ್ಕವು ಸಾಕು. ಬನ್ನಿ, ಕೂತ್ಕೊಳ್ಳಿ."

ಆ ಕ್ಷಣ ಭಾವನಿಗಿಂತ ಅಬ್ಬಾನ ಮೇಲೆ ನನಗೆ ಹೆಚ್ಚು ಕೋಪ ಬಂತು. ಇಷ್ಟು ದಿನ ಕಾಯ್ದು ಕಟ್ಟಿದ್ದನ್ನು ಅವರು ಒಂದು ಲೋಟ ಚಹಾದ ಜೊತೆ ಕೊಟ್ಟುಬಿಟ್ಟಿದ್ದರು. ಅಡುಗೆಮನೆಗೆ ಹೋಗಿ ಶುಂಠಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಜಜ್ಜಿದೆ.

ದೊಡ್ಡ ದೇಗು ಭಾವನ ಮಗಳ ಮದುವೆಯಲ್ಲಿ ಉರಿ ಕಂಡಿತು. ನನ್ನ ತಮ್ಮನ ವಲೀಮಕ್ಕೆ ಈ ಸಲ ನಾನೇ ಲೆಕ್ಕ ಹಾಕಿ ಚಿಕ್ಕವನ್ನು ಮೂರು ಕಳಿಸಿದ್ದೆ. ನಾನು ಇಲ್ಲಿಯ ಮದುವೆಯಲ್ಲೇ ಇರಬೇಕಾಯಿತು; ಅಲ್ಲಿ ಯಾರ ತಟ್ಟೆಯೂ ಖಾಲಿ ಉಳಿಯಲಿಲ್ಲವಂತೆ.

ಪಟ್ಟಿಯನ್ನು ಮಾತ್ರ ನಾನು ಮುಟ್ಟಿಲ್ಲ. ಹಿಂದಿನ ಭಾನುವಾರಗಳನ್ನು ತೆಗೆದು ನೋಡಿದರೆ ಆ ದಿನ ದೊಡ್ಡ ದೇಗು ಕುಣಿಗಲ್ಲಿನವರದು ಎಂದೇ ಇದೆ. ಹಾಗಾಗಿ ಭಾವ ದೇಗನ್ನು ಅಬ್ಬಾನಿಂದ ಕೇಳಿ ಪಡೆದದ್ದು ಮೊಹಲ್ಲಕ್ಕೆಲ್ಲ ಗೊತ್ತಾಯಿತು.

"ಅದನ್ನ ಬದಲಾಯಿಸಮ್ಮ, ಜನ ನೋಡ್ತಾರೆ," ಎಂದು ಅವರು ಎರಡು ಸಲ ಹೇಳಿದ್ದಾರೆ.

"ಆಗಲಿ ಭಾಯಿಜಾನ್," ಎಂದು ನಾನೂ ಮೆತ್ತಗೆ ಎರಡು ಸಲ ಹೇಳಿದ್ದೇನೆ.

ಈ ನಡುವೆ ಫೈಲಿಗೆ ಬರೆದಿಡುವುದನ್ನು ಕಲಿತೆ. ಹೆಸರು ಸೇರಿದ ಕೂಡಲೇ ಪ್ರೊಸೆಸ್ ಅದನ್ನು ಡಿಸ್ಕಿಗೂ ಬರೆಯುತ್ತದೆ. ಭಾವ ಈಗಲೂ ಊರಿಗೆ ಹೊರಟಾಗ ಮೇನ್ ಆಫ್ ಮಾಡುತ್ತಾರೆ. ನಾವು ಬಂದು ಆನ್ ಮಾಡಿದರೆ ಆ ಭಾನುವಾರ ಕುಣಿಗಲ್ಲಿನ ಹೆಸರಿನಲ್ಲೇ, ಇದ್ದ ಹಾಗೆಯೇ ಎದ್ದು ಬರುತ್ತದೆ.