ಹಿನ್ನೀರಿನೊಳಗಿನ ಅಡುಗೆಮನೆ

ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ಆ ಸಂಜೆ ಹೆಡ್‌ಫೋನ್ ಹಾಕಿಕೊಂಡಿದ್ದವಳು ನಾನು. ಕೇಳಿದ್ದು ನನ್ನದೇ ಕಿವಿ...

ಕೊಟ್ಟೂರಿನಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ. ನಾನು ಮತ್ತು ನನ್ನ ತಮ್ಮ ನಾಗರಾಜ ಮದುವೆ, ಸೀಮಂತ, ಗೃಹಪ್ರವೇಶಗಳ ವಿಡಿಯೊ ಮಾಡುತ್ತೇವೆ. ಕ್ಯಾಮೆರಾ ಅವನದು, ಧ್ವನಿ ಮತ್ತು ಎಡಿಟಿಂಗ್ ನನ್ನದು. ಹೋದ ವರ್ಷ ಬೇಸಿಗೆಯಲ್ಲಿ ಹಗರಿಬೊಮ್ಮನಹಳ್ಳಿಯ ವಿರೂಪಾಕ್ಷಪ್ಪ ಎಂಬ ಬೀಜ-ಗೊಬ್ಬರದ ವ್ಯಾಪಾರಿ ನಮ್ಮನ್ನು ಕರೆಸಿದರು. ಅವರ ಮನೆತನದವರೆಲ್ಲ ಒಂದು ಕಡೆ ಸೇರುವವರಿದ್ದರು. ಅವತ್ತು ತೋರಿಸಲು ತಮ್ಮ ವಂಶದ ಬಗ್ಗೆ ಒಂದು ಸಾಕ್ಷ್ಯಚಿತ್ರ ಬೇಕು ಎಂದರು.

"ಡ್ಯಾಮ್ ಕಟ್ಟಿದಾಗ ನಮ್ಮ ಮೂಲ ಊರು ಹಿನ್ನೀರಾಗ ಮುಳುಗೈತ್ರಿ ಮೇಡಂ. ಈ ಸಲ ನೀರು ಬಾಳ ಹಿಂದಕ್ಕ ಸರದೈತಿ, ಮನಿ ತಳಪಾಯ ಕಾಣಾಕತ್ತೈತಂತ. ಅದನ್ನ ಹಿಡೀರಿ. ನಮ್ಮ ಸೋದರತ್ತಿನ್ನೂ ಕರಕೊಂಡು ಹೋಗೋಣ. ಆ ಮನ್ಯಾಗ ಹುಟ್ಟಿದೋರಾಗ ಉಳದಾಕಿ ಆಕಿ ಒಬ್ಬಾಕೀನ."

ಸೋದರತ್ತೆಯ ಹೆಸರು ನಿಂಬವ್ವ. ಎಂಬತ್ತು ದಾಟಿದ ಸಣ್ಣ ಜೀವ. ಊರು ಬಿಡುವಾಗ ಆಕೆ ಪುಟ್ಟ ಹುಡುಗಿ.

ಹಂಪಸಾಗರ ದಾಟಿ ಜೀಪು ಹಿನ್ನೀರಿನ ಬಯಲಿಗೆ ಇಳಿದಾಗ ಬಿಸಿಲು ಓರೆಯಾಗಿತ್ತು. ಬಿರುಕು ಬಿಟ್ಟ ಹೂಳು, ಕಾಲಿಗೆ ಸಿಗುವ ಬಸವನಹುಳದ ಚಿಪ್ಪು, ಒಣಮೀನಿನ ವಾಸನೆ. ದೂರದಲ್ಲಿ ಒಬ್ಬ ಮೀನುಗಾರ ಹರಿಗೋಲು ಬೋರಲು ಹಾಕಿಕೊಂಡು ಬಲೆ ಬಿಡಿಸುತ್ತಿದ್ದ. ಅದರಾಚೆ ನೀರಿನ ಅಂಚಿನಲ್ಲಿ ಕಪ್ಪು ಕಲ್ಲಿನ ಸಾಲುಗಳು... ಅದೇ ಮನೆ. ಅರ್ಧ ಒಣನೆಲದಲ್ಲಿ, ಇನ್ನರ್ಧ ನೀರಿನಲ್ಲಿ.

ನಿಂಬವ್ವನ ಸೆರಗಿಗೆ ತಂತಿಯಿಲ್ಲದ ಕಾಲರ್ ಮೈಕ್ ಸಿಕ್ಕಿಸಿದೆ. ಆಕೆ ಒಂದು ಕಲ್ಲಿನ ಮೇಲೆ ಕೂತು, ಕೈಯೆತ್ತಿ ತೋರಿಸುತ್ತ ಹೋದಳು. "ಇದು ಪಡಸಾಲಿ. ಇಲ್ಲಿ ನಮ್ಮಪ್ಪ ಮಲಗ್ತಿದ್ದ. ಅಕಾ ಅಲ್ಲಿ, ನೀರಾಗ ಐತಲ್ಲ, ಅದು ಅಡಿಗಿ ಮನಿ."

"ಊರು ಬಿಟ್ಟ ದಿನ ನೆನಪೈತೇನಮ್ಮಾ?" ಎಂದು ಕೇಳಿದೆ.

"ಐತಿ. ಬಂಡಿ ಕಟ್ಟಿದ್ರು. ಎಲ್ಲಾರೂ ಹತ್ತಿದ್ವಿ. ನಮ್ಮವ್ವ ಒಲಿ ಮುಂದಿಂದ ಏಳಲಿಲ್ಲ. ನೀವು ನಡೀರಿ, ರೊಟ್ಟಿ ಬಡಿಯೂದು ಮುಗಿಸಿ ಬರ್ತೀನಿ ಅಂದ್ಲು..."

ವಿರೂಪಾಕ್ಷಪ್ಪ ತಟ್ಟನೆ ಅಡ್ಡ ಬಂದರು. "ಅತ್ತೀ, ಅದು ಬ್ಯಾಡ. ಮೇಡಂ, ನಮ್ಮಜ್ಜಿ ಹೊಸ ಊರಿಗೆ ಬಂದ ಮ್ಯಾಲ ಜ್ವರ ಬಂದು ತೀರಿಕೊಂಡಾಳ. ಹಂಗ ಹಾಕ್ರಿ."

ನಿಂಬವ್ವ ನೀರನ್ನೇ ನೋಡುತ್ತ ಕೂತಳು.

ಸೂರ್ಯ ಮುಳುಗುವುದರೊಳಗೆ ಊರಗುಡಿಯ ಮುರಿದ ಕಂಬಗಳನ್ನು ಹಿಡಿಯಬೇಕೆಂದು ನಾನೂ ನಾಗರಾಜನೂ ಆ ಕಡೆ ನಡೆದೆವು. ನಿಂಬವ್ವನನ್ನು ಜೀಪಿನ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದೆವು, ಜೊತೆಗೆ ವಿರೂಪಾಕ್ಷಪ್ಪ ಇದ್ದರು. ಆಕೆಯ ಮೈಕ್ ಬಿಚ್ಚುವುದನ್ನೂ ರೆಕಾರ್ಡಿಂಗ್ ನಿಲ್ಲಿಸುವುದನ್ನೂ ಮರೆತಿದ್ದೆ. ಹೆಡ್‌ಫೋನ್ ನನ್ನ ಕೊರಳಲ್ಲೇ ಇತ್ತು.

ಕತ್ತಲು ಬೇಗ ಇಳಿಯಿತು. ಗಾಳಿ ನಿಂತಿತು. ನಿಂಬವ್ವನ ಮೈಕ್ ಇನ್ನೂ ಚಾಲೂ ಇದೆಯೆಂದು ನೆನಪಾಗಿ ಹೆಡ್‌ಫೋನನ್ನು ಕಿವಿಗೇರಿಸಿದೆ.

ಗರ್... ಗರ್... ಎಂಬ ಸದ್ದು.

ಬೀಸುಕಲ್ಲು ತಿರುಗುವ ಸದ್ದು. ಅದರ ಹಿಂದೆ ಬಳೆಗಳ ಸಪ್ಪಳ. ಆಮೇಲೆ ನಿಂಬವ್ವನ ಉಸಿರು, ತೀರಾ ಹತ್ತಿರ.

"ಚಪ್ಲಿ ಬಿಟ್ಟು ಬರ್ತೀನವ್ವಾ," ಎಂದಳು ನಿಂಬವ್ವ.

"ಬಾ ಒಳಗ. ರೊಟ್ಟಿ ಆರಿ ಹೋಗ್ತಾವು."

ಆ ಎರಡನೆಯ ದನಿ ವಯಸ್ಸಾದ ಹೆಂಗಸಿನದಲ್ಲ. ನನ್ನ ವಯಸ್ಸಿನ ಹೆಂಗಸಿನ ದನಿ. ಕೆಲಸದ ಮಧ್ಯೆ ಮಗುವನ್ನು ಕರೆಯುವಂಥ ಸಲೀಸು ದನಿ.

ಜೀಪಿನ ಕಡೆ ತಿರುಗಿದೆ. ಕುರ್ಚಿ ಖಾಲಿ. ವಿರೂಪಾಕ್ಷಪ್ಪ ದಿಬ್ಬದ ಮೇಲೆ ಸಿಗ್ನಲ್ ಹುಡುಕುತ್ತ ಫೋನಿನಲ್ಲಿ ಮಾತಾಡುತ್ತಿದ್ದರು.

"ನಾಗರಾಜ, ಅಜ್ಜಿ ಇಲ್ಲ. ಓಡು, ವಿರೂಪಾಕ್ಷಪ್ಪನವರನ್ನ ಕರಿ," ಎಂದೆ.

ಟಾರ್ಚಿನ ಬೆಳಕಿಗೆ ಹೂಳು, ಕಲ್ಲು ಬಿಟ್ಟರೆ ಏನೂ ಕಾಣಲಿಲ್ಲ. ಆಗ ಹೊಳೆಯಿತು. ಮೈಕಿನಿಂದ ದೂರವಾದರೆ ಹೆಡ್‌ಫೋನಿನಲ್ಲಿ ಚರಚರ ಹೆಚ್ಚುತ್ತದೆ, ಹತ್ತಿರವಾದರೆ ದನಿ ತಿಳಿಯಾಗುತ್ತದೆ. ಎಡಕ್ಕೆ ನಡೆದೆ, ಚರಚರ. ನೀರಿನ ಕಡೆ ತಿರುಗಿದೆ...

ತಿಳಿಯಾಯಿತು.

ಹೂಳು ಮೊಣಕಾಲಿನ ತನಕ ಹಿಡಿಯುತ್ತಿತ್ತು. ಒಂದೊಂದು ಹೆಜ್ಜೆ ಕಿತ್ತಿಡುತ್ತ ನೀರಿನ ಅಂಚಿಗೆ ಬಂದೆ. ಅಲ್ಲಿ ನಿಂಬವ್ವನ ಚಪ್ಪಲಿಗಳು ಜೋಡಿಸಿಟ್ಟಂತೆ ಇದ್ದವು. ಹೊಸ್ತಿಲ ಹೊರಗೆ ಬಿಟ್ಟ ಹಾಗೆ.

ಕಿವಿಯೊಳಗೆ ಬೀಸುಕಲ್ಲು ನಿಂತಿತು.

"ನಿಂಬೀ," ಎಂದಿತು ಆ ದನಿ, ಈಗ ಪಿಸುಮಾತಿನಲ್ಲಿ. "ಯಾರೋ ಕೇಳಾಕತ್ತಾರ."

ನನ್ನ ಕಾಲು ಅಲ್ಲೇ ಹೂತಿತು. ಹೆಡ್‌ಫೋನ್ ಕಿತ್ತೆಸೆಯಬೇಕು ಅನ್ನಿಸಿತು. ಎಸೆದರೆ ಅಜ್ಜಿಯನ್ನು ಹುಡುಕುವುದು ಹೇಗೆ? ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದುಕೊಂಡೆ. ಉಸಿರಾಟ ಕೇಳುತ್ತಿತ್ತು. ನಿಂಬವ್ವನದಲ್ಲ. ಮೈಕಿಗೆ ಬಾಯಿ ಹಚ್ಚಿ ಯಾರೋ ಸುಮ್ಮನೆ ಕಾಯುತ್ತಿದ್ದಂತೆ...

"ಅಕಾ, ಅಲ್ಲಿ ನೋಡ್ರಿ," ಎಂದು ಹಿಂದಿನಿಂದ ಮೀನುಗಾರ ಕೂಗಿದ. ನಾಗರಾಜ ಅವನನ್ನೂ ವಿರೂಪಾಕ್ಷಪ್ಪನವರನ್ನೂ ಕರೆತಂದಿದ್ದ.

ಟಾರ್ಚಿನ ಬೆಳಕು ಬಿದ್ದ ಕಡೆ, ಅಂಚಿನಿಂದ ಸಾಕಷ್ಟು ಒಳಗೆ, ನಿಂಬವ್ವ ಸೊಂಟಮಟ್ಟದ ನೀರಿನಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದಳು. ಬಲಗೈ ಮುಂದಕ್ಕೆ ಚಾಚಿತ್ತು, ಯಾರೋ ಹಿಡಿದುಕೊಂಡ ಹಾಗೆ. ವಿರೂಪಾಕ್ಷಪ್ಪ "ಅತ್ತೀ" ಎನ್ನುತ್ತ ನೀರಿಗೆ ಇಳಿಯಲು ಹೋದರು. ಮೀನುಗಾರ ಅವರ ರಟ್ಟೆ ಹಿಡಿದು ಹಿಂದಕ್ಕೆಳೆದ. "ಅಲ್ಲಿ ಆಳ ಐತ್ರಿ, ಇಳೀಬ್ಯಾಡ್ರಿ," ಎಂದ. ಹರಿಗೋಲು ಇಳಿಸಿ ತಾನೇ ಹೋಗಿ ಆಕೆಯನ್ನು ಎತ್ತಿಕೊಂಡು ಬಂದ.

ಜೀಪಿನಲ್ಲಿ ಕೂರಿಸಿ ಟವಲ್ ಹೊದಿಸಿದೆವು. ವಿರೂಪಾಕ್ಷಪ್ಪ ಆಕೆಯ ಕಾಲು ತಿಕ್ಕುತ್ತ ಅಳುತ್ತಿದ್ದರು. ಮೀನುಗಾರ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ಅಕ್ಕಾರ, ಆ ಅಜ್ಜಿ ಬಾಜೂಕ ಬಿದಿರಿನ ಗಳ ಇಳಿಬಿಟ್ಟು ನೋಡಿದೆ. ಎರಡಾಳು ಉದ್ದದ ಗಳ. ತಳ ಸಿಗಲಿಲ್ಲ. ಆಕಿ ಯಾತರ ಮ್ಯಾಲ ನಿಂತಿದ್ಲು?"

ನಾನು ಜೀಪು ಹತ್ತಿ ನಿಂಬವ್ವನ ಪಕ್ಕ ಕೂತು ಆಕೆಯ ಕೈ ಹಿಡಿದುಕೊಂಡೆ.

ದಾರಿಯುದ್ದಕ್ಕೂ ನಿಂಬವ್ವ ನಡುಗಲಿಲ್ಲ. ನೀರಲ್ಲಿ ಅಷ್ಟು ಹೊತ್ತು ನಿಂತವಳ ಕೈ ಬೆಚ್ಚಗಿತ್ತು. ಹಂಪಸಾಗರದ ಹೋಟೆಲ್ ಮುಂದೆ ಜೀಪು ನಿಲ್ಲಿಸಿ, "ಅತ್ತೀ, ಒಂದೀಟು ಏನಾರ ತಿನ್ನು," ಎಂದರು ವಿರೂಪಾಕ್ಷಪ್ಪ.

"ನಂದು ಊಟ ಆತಪಾ," ಎಂದಳು ಆಕೆ.

ಆಕೆಯ ಬಲಗೈಯಿಂದ ವಾಸನೆ ಬರುತ್ತಿತ್ತು. ಒಲೆಯ ಹೊಗೆ, ಬಿಸಿ ಜೋಳದ ರೊಟ್ಟಿ, ಅರೆದ ಹಸಿಮೆಣಸಿನಕಾಯಿ ಖಾರ. ನಾಗರಾಜನೂ ಮೂಸಿ ನೋಡಿದ. ನನ್ನ ಮುಖ ನೋಡಿದ.

ಮರುದಿನ ಸ್ಟುಡಿಯೊದಲ್ಲಿ ಆ ರೆಕಾರ್ಡಿಂಗ್ ಹಾಕಿದೆ. ಅದರಲ್ಲಿ ನಿಂಬವ್ವನ ದನಿ ಇದೆ, ನೀರಿನ ಸದ್ದು ಇದೆ. ಬೀಸುಕಲ್ಲು ಇಲ್ಲ. ಇನ್ನೊಂದು ದನಿಯೂ ಇಲ್ಲ. ಆಕೆ ಮಾತಾಡಿ ಸುಮ್ಮನಾಗುತ್ತಾಳೆ, ಯಾರೋ ಉತ್ತರ ಕೊಡುವಷ್ಟು ಹೊತ್ತು ಕಾಯುತ್ತಾಳೆ, ಆಮೇಲೆ ಸಣ್ಣಗೆ ನಗುತ್ತಾಳೆ...

ವಿರೂಪಾಕ್ಷಪ್ಪ ಬಂದಾಗ ಎಲ್ಲವನ್ನೂ ಹೇಳಿ ಹೆಡ್‌ಫೋನ್ ಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು. ಮತ್ತೆ ಹಾಕಿಸಿಕೊಂಡು ಕೇಳಿದರು. ಕೊನೆಗೆ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, "ನಾನು ನಮ್ಮಜ್ಜಿಗೆ ಸ್ವಂತ ಮೊಮ್ಮಗ ಅದೀನಿ ಮೇಡಂ. ನನಗ ಏನೂ ಕೇಳಸವಲ್ದು. ನಿಮಗ ಯಾಕ ಕೇಳಸ್ತು?" ಎಂದರು. ಅದರಲ್ಲಿ ಅನುಮಾನ ಇರಲಿಲ್ಲ, ನೋವಿತ್ತು. ತಮ್ಮ ಅಜ್ಜಿಯ ಜ್ವರದ ಮಾತನ್ನು ಚಿತ್ರದಲ್ಲಿ ಹಾಕುವುದು ಬೇಡ ಎಂದು ಹೇಳಿ ಎದ್ದುಹೋದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಸಂಜೆ ಅಮ್ಮನನ್ನು ಕೇಳಿದೆ, ನಮ್ಮ ಹಿರಿಯರು ಎಲ್ಲಿಯವರು ಅಂತ. ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. "ನಮ್ಮಜ್ಜಿ ಹೊಳಿ ದಂಡಿಯಿಂದ ಬಂದಾಕಿ ಅಂತಿದ್ರು. ಯಾವ ಊರಂತ ಎಷ್ಟ ಕೇಳಿದ್ರೂ ಹೇಳಲಿಲ್ಲ. ಊರ ಇಲ್ಲ ಅಂದ ಮ್ಯಾಲ ಹೆಸರು ತಗೊಂಡು ಏನು ಮಾಡ್ತಿ ಅಂತಿದ್ಲು," ಎಂದಳು. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ.

ಚಿತ್ರ ಮುಗಿಯಿತು. ಮನೆತನದವರೆಲ್ಲ ನೋಡಿ ಮೆಚ್ಚಿದರು. ಮಳೆಗಾಲ ಬಂತು, ಕಲ್ಲುಗಳೆಲ್ಲ ಮತ್ತೆ ಮುಳುಗಿದವು. ನಾನೂ ಮರೆತೆ ಎಂದುಕೊಂಡಿದ್ದೆ.

ಮೊನ್ನೆ ವಿರೂಪಾಕ್ಷಪ್ಪನವರ ಫೋನ್ ಬಂತು.

"ನೀರು ಮತ್ತ ಇಳದೈತ್ರಿ ಮೇಡಂ. ನಮ್ಮತ್ತಿ ಒಂದ ಸವನ ನಿಮ್ಮನ್ನ ಕೇಳಾಕತ್ಯಾಳ."

ಬಾಯಿಗೆ ಬಂದ ನೆಪ ಹೇಳಿದೆ, ಕ್ಯಾಮೆರಾ ರಿಪೇರಿಗೆ ಹೋಗಿದೆ ಅಂತ.

ಅವರು ದನಿ ತಗ್ಗಿಸಿ ಹೇಳಿದರು.

"ಕ್ಯಾಮೆರಾ ಬ್ಯಾಡಂತ್ರಿ. ನೀವಷ್ಟ ಬಂದ್ರ ಸಾಕಂತ, ಆಕಿ ಅವ್ವ ಕರ್ಯಾಕತ್ಯಾಳಂತ."