ಆಷಾಢದಲ್ಲಿ ಬಂದ ಕಾರ್ಡು

ಅಯ್ಯೋ, ಹಾಗೆ ನಗಬೇಡಪ್ಪ. ಕ್ರೆಡಿಟ್ ಕಾರ್ಡು ಮಾಡಿಸಿಕೊಂಡರೆ ವಿಮಾನದ ಟಿಕೆಟ್ಟು ಬಿಟ್ಟಿ ಕೊಡುತ್ತಾರೆ ಅಂದರೆ ಈಗ ನೀನು ಹುಬ್ಬು ಹಾರಿಸುತ್ತೀಯ. ಆಗ ಕೊಡುತ್ತಿದ್ದರು. ಎರಡು ಸಾವಿರದ ಆರನೇ ಇಸವಿಯಲ್ಲಿ ನವರಂಗ್ ಹತ್ತಿರದ ಪೆಟ್ರೋಲ್ ಬಂಕಿಗೆ ಒಂದು ಸಲ ಹೋಗಿ ಬಂದಿದ್ದರೆ ನೀನು ಹೀಗೆ ವಾದಿಸುತ್ತಿರಲಿಲ್ಲ. ಟೈ ಕಟ್ಟಿಕೊಂಡ ಹುಡುಗರು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತುತ್ತಿದ್ದರು. ಒಬ್ಬ ಮಹಾನುಭಾವ ಲೂನಾಕ್ಕೆ ಅರ್ಧ ಲೀಟರ್ ಹಾಕಿಸಲು ಹೋಗಿ, ನಾಲ್ಕು ಕಾರ್ಡಿಗೆ ಸಹಿ ಹಾಕಿ, ಪೆಟ್ರೋಲನ್ನೇ ಮರೆತು ಗಾಡಿ ತಳ್ಳಿಕೊಂಡು ಮನೆ ಸೇರಿದ. ವಿಜಯನಗರದಲ್ಲಿ ದೇವರ ಬಸವನೊಂದಕ್ಕೂ ಅರ್ಜಿ ತುಂಬಿಸಿದ್ದರಂತೆ. ಸಂಬಳದ ಚೀಟಿ ಇಲ್ಲ ಅಂತ ವಾಪಸು ಬಂತಂತೆ. ಸರಿ, ಬಸವನ ಮಾತು ಬಿಡು, ಹೇಳಿದವನೇ ಸುಳ್ಳುಬುರುಕ. ತಿಮ್ಮಯ್ಯನ ಮಾತು ಮಾತ್ರ ಸುಳ್ಳಲ್ಲ.

ತಿಮ್ಮಯ್ಯ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ವಿಭಾಗದ ಸೂಪರ್‌ವೈಸರ್. ಈ ಕಡೆಯದೇ ಒಕ್ಕಲು ಮನೆತನ. ಈಗ ಅನ್ನಪೂರ್ಣೇಶ್ವರಿ ನಗರ ಅನ್ನುವಲ್ಲಿ ಅವರಪ್ಪ ರಾಗಿ ಬೆಳೆದಿದ್ದರು. ಹೊಲ ಲೇಔಟಾಯಿತು, ತಿಮ್ಮಯ್ಯ ಬಸವೇಶ್ವರನಗರದಲ್ಲಿ ಕೆಳಗೊಂದು ಮೇಲೊಂದು ಮನೆ ಕಟ್ಟಿಸಿದ. ಕೆಳಗೆ ಅವನು, ಹೆಂಡತಿ ಲಿಂಗಮ್ಮ. ಮೇಲೆ ಬಾಡಿಗೆಗೆ ಹನುಮೇಶ, ಕೊಪ್ಪಳದ ಕಡೆಯ ಹುಡುಗ, ಕೆಲಸ ಇದೇ ಕಾರ್ಡು ಮಾರುವುದು.

ಲಿಂಗಮ್ಮನಿಗೆ ಸಕ್ಕರೆ ಕಾಯಿಲೆ. ಅದು ಕಾಲಿಗೆ ಬರಲಿಲ್ಲ, ಕಿಡ್ನಿಗೆ ಬರಲಿಲ್ಲ, ನೇರವಾಗಿ ಕಣ್ಣಿಗೇ ಬಂತು. ಲೇಸರ್ ಹೊಡೆಸಿದ್ದಾಯಿತು, ಸೂಜಿ ಚುಚ್ಚಿಸಿದ್ದಾಯಿತು. ಕೊನೆಗೆ ಡಾಕ್ಟರು ತಿಮ್ಮಯ್ಯನನ್ನು ಪಕ್ಕಕ್ಕೆ ಕರೆದು, "ಉಳಿದಿರೋದನ್ನ ಉಳಿಸ್ಕೊಳ್ಳೋಕೆ ನೋಡೋಣ. ಎಷ್ಟ್ ದಿನ ಅಂತ ಹೇಳಕ್ಕಾಗಲ್ಲ" ಅಂದರು. ಪಕ್ಕಕ್ಕೆ ಕರೆದು ಹೇಳಿದ್ದೇ ದಂಡ. ಲಿಂಗಮ್ಮನ ಕಣ್ಣು ಮಂದವಾದಷ್ಟೂ ಕಿವಿ ಚುರುಕಾಗಿತ್ತು.

ಅವತ್ತು ಸಂಜೆ ಅವಳು ತಾರಸಿಯ ಮೇಲೆ ಒಗೆದ ಬಟ್ಟೆ ತೆಗೆಯುತ್ತಿದ್ದಳು. ವಿಮಾನವೊಂದು ತಲೆಯ ಮೇಲೆ ಹಾದು ಎಚ್‌ಎಎಲ್ ನಿಲ್ದಾಣದ ಕಡೆಗೆ ಇಳಿಯುತ್ತಿತ್ತು. ಅವಳು ಸದ್ದು ಹಿಡಿದು ಅದನ್ನು ಹುಡುಕಿದಳು, ಸಿಕ್ಕಲಿಲ್ಲ.

"ಏನ್ರೀ, ಮೋಡದ ಮೇಲಿಂದ ನೋಡಿದ್ರೆ ಹೆಂಗಿರುತ್ತೆ?"

"ನಂಗೇನೇ ಗೊತ್ತು? ನಾನೇನ್ ಇಂದ್ರನ ಅಳಿಯನಾ?"

"ಹುಟ್ಟಿದಾಗಿಂದ ಕೆಳಗಿಂದ್ಲೇ ನೋಡಿದ್ದಾಯ್ತು. ಕಣ್ಣಿರೋವಾಗ್ಲೇ ಒಂದ್ಸಲ ಮೇಲಿಂದ ನೋಡ್ಬೇಕು ಕಣ್ರೀ."

ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ತಿಮ್ಮಯ್ಯ ಮಾರನೆಯ ದಿನವೇ ಟಿಕೆಟ್ ತರುತ್ತೇನೆಂದ. ಲಿಂಗಮ್ಮ ಹೌಹಾರಿದಳು. "ದುಡ್ಡು ಕೊಟ್ಟು ಹಾರೋಕೆ ನಂಗೇನು ತಲೆ ಕೆಟ್ಟಿದ್ಯಾ? ಈ ಹಾಳು ಕಣ್ಣಿಗೆ ಸುರಿದಿದ್ದೇ ಸಾಲ್ದಾ? ಬಿಟ್ಟಿ ಯಾರಾದ್ರೂ ಕರ್ಕೊಂಡ್ ಹೋದ್ರೆ ಬರ್ತೀನಿ. ಇಲ್ದಿದ್ರೆ ನಮ್ಮಪ್ಪನಾಣೆ, ಕಾಲಿಡಲ್ಲ."

ಸತ್ತ ತಂದೆಯ ಮೇಲೆ ಆಣೆ ಇಟ್ಟಮೇಲೆ ಮುಗಿಯಿತು. ಅವಳ ಆಣೆಗಿಂತ ವಿಧಾನಸೌಧದ ಕಂಬ ಅಲುಗಾಡಿಸುವುದು ಸುಲಭ.

ಹಾಗಾಗಿ ಬಿಟ್ಟಿ ಟಿಕೆಟ್ಟಿನ ಬೇಟೆ ಶುರುವಾಯಿತು. ತಿಮ್ಮಯ್ಯ ಆರಿಸುವುದರಲ್ಲಿ ಎತ್ತಿದ ಕೈ. ಅವನು ಒಂದು ತೆಂಗಿನಕಾಯಿ ತಟ್ಟಿ ತಟ್ಟಿ ಆರಿಸುವುದರೊಳಗೆ ಅಂಗಡಿಯವನ ಮಗಳಿಗೆ ಮದುವೆಯಾಗಿ ಬಾಣಂತನವೂ ಮುಗಿದಿತ್ತಂತೆ. ಹನುಮೇಶನನ್ನು ಕೆಳಗೆ ಕರೆಸಿ, ಕಾಫಿ ಕೊಟ್ಟು, ಬಣ್ಣಬಣ್ಣದ ಕಾಗದಗಳನ್ನು ಚಾಪೆಯ ಮೇಲೆ ಹರಡಿಸಿದ.

"ಇದ್ರಾಗ ಮೈಲ್ಸ್ ಕೊಡ್ತಾರ್ರೀ ಕಾಕಾರ" ಅಂದ ಹನುಮೇಶ. "ಸೇರಿದ ಕೂಡ್ಲೇ ಒಂದಿಷ್ಟು, ಆಮ್ಯಾಲ ಖರ್ಚು ಮಾಡಿದಂಗ ಇನ್ನೊಂದಿಷ್ಟು. ಕೂಡಿಸ್ಕೋಂತ ಹೋದ್ರ ಟಿಕೆಟ್ ಆಗ್ತದ."

"ಎಷ್ಟ್ ವರ್ಷಕ್ಕೆ?"

"ನಿಮ್ಮ ಖರ್ಚಿನ ಮ್ಯಾಲ ಐತ್ರಿ."

"ನಮ್ಮ ಖರ್ಚು ಹುರುಳಿಕಾಳು, ಸೊಪ್ಪು. ಅಷ್ಟರಲ್ಲಿ ವಿಮಾನಕ್ಕೇ ವಯಸ್ಸಾಗುತ್ತೆ. ಮುಂದಿಂದು ಹೇಳು."

ಇನ್ನೊಂದರಲ್ಲಿ ಗಾಲಿಯ ಸೂಟ್‌ಕೇಸು, ಹೋಟೆಲಿನಲ್ಲಿ ಒಂದು ರಾತ್ರಿ. ಅದನ್ನು ತಿಮ್ಮಯ್ಯ ಪಕ್ಕಕ್ಕೆ ಸರಿಸಿದ. ಮಗದೊಂದರಲ್ಲಿ ಸ್ವಾಗತಕ್ಕೇ ಎರಡು ಟಿಕೆಟ್ಟು, ಮುಂಬಯಿಗೆ ಹೋಗುವುದಷ್ಟೇ, ಬರುವ ದಾರಿ ನಿಮ್ಮದು. ತಿಮ್ಮಯ್ಯ ಅದನ್ನು ಹಿಂದೆಮುಂದೆ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಮೂಸಿ ನೋಡುವುದೊಂದು ಬಾಕಿ ಇಟ್ಟ.

"ಎತ್ತಿನ ಹಲ್ಲು ನೋಡಿದಂಗ ನೋಡ್ತೀರಲ್ರೀ ಕಾಕಾರ! ಕಂಡೀಶನ್ ಒಂದ ಐತಿ. ಎರಡು ತಿಂಗಳದಾಗ ಒಮ್ಮೆ ಎಲ್ಲೆರ ಅಂಗಡ್ಯಾಗ ಕಾರ್ಡ್ ಉಜ್ಜಬೇಕು. ಒಂದು ಸೋಪ್ ತಗೊಂಡ್ರೂ ನಡೀತದ."

"ಒಂದು ಸೋಪಿಗೆ ಎರಡು ಟಿಕೆಟ್ಟಾ?"

"ಹೌದ್ರೀ."

ಒಳಗಿನಿಂದ ಲಿಂಗಮ್ಮನ ದನಿ ಬಂತು. "ಹಂಗಾದ್ರೆ ಎರಡು ಸೋಪ್ ತಗೊಳ್ಳಿ. ವಾಪಸ್ ಬರೋಕೂ ಆಗುತ್ತೆ."

ಮೂವರೂ ನಕ್ಕರು. ಆ ಮನೆಯಲ್ಲಿ ಹಾಗೆ ನಕ್ಕು ಬಹಳ ದಿನವಾಗಿತ್ತು. ಅದೇ ಕಾರ್ಡಿಗೆ ಅರ್ಜಿ ಹೋಯಿತು. ಹನುಮೇಶನನ್ನು ಕಂಪನಿಯವರು ಕೆಲವು ತಿಂಗಳ ಮಟ್ಟಿಗೆ ಹುಬ್ಬಳ್ಳಿಗೆ ಹಾಕಿದರು, ಅವನು ಬೀಗ ಹಾಕಿಕೊಂಡು ಹೋದ. ಕಾರ್ಡು ತಂದ ಕೊರಿಯರ್‌ನವನು ಎರಡು ಸಲ ಬಂದರೂ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಹೆಂಡತಿ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಕೊನೆಗೆ ಕಾರ್ಡು ಕೈಸೇರಿದಾಗ ಆಷಾಢ ಹಿಡಿದಿತ್ತು.

ನಮ್ಮ ಕಡೆ ಗೊತ್ತಲ್ಲ, ಆಷಾಢದಲ್ಲಿ ಹೊಸದಾಗಿ ಮದುವೆಯಾದವಳೇ ಅತ್ತೆಮನೆಯಲ್ಲಿ ಇರುವುದಿಲ್ಲ, ಇನ್ನು ಹೊಸ ಕಾರ್ಡು ಪೇಟೆಗೆ ಹೋಗುವುದುಂಟೆ? ತಿಮ್ಮಯ್ಯ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಚಾಮುಂಡಮ್ಮನ ಪಟದ ಮುಂದೆ ಇಟ್ಟ. ಬೇರೆ ಯಾವುದಕ್ಕಾದರೂ ಆಗಿದ್ದರೆ ಅವನು ಇಷ್ಟು ಯೋಚಿಸುತ್ತಿರಲಿಲ್ಲ. ಇದು ಅವಳ ಕಣ್ಣಿನ ವಿಷಯ. ಕೆಟ್ಟ ತಿಂಗಳಲ್ಲಿ ಕೈಯಿಟ್ಟು, ದಾರಿಯಲ್ಲಿ ಏನಾದರೂ ಆಗಿ, ಆಮೇಲೆ ಎದೆ ಹೊಡೆದುಕೊಳ್ಳುವುದು ಬೇಡ ಅಂತ ಅವನ ಲೆಕ್ಕ. ಎರಡು ತಿಂಗಳಿದೆಯಲ್ಲ, ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬ ಬರುತ್ತದಲ್ಲ!

ಲಿಂಗಮ್ಮ ಒಂದು ಸಲ ಕೇಳಿದಳು. "ಸೋಪ್ ಒಂದು ತಂದ್ಬಿಡ್ಬಾರ್ದಾ? ಸೋಪಿಗೂ ಆಷಾಢ ತಟ್ಟುತ್ತಾ?"

"ಸುಮ್ನಿರೇ. ಒಳ್ಳೇ ಕೆಲ್ಸಕ್ಕೆ ಒಳ್ಳೇ ದಿನ."



ಹಬ್ಬಕ್ಕೆ ಮುಂಚಿನ ದಿನ ರಾಜಾಜಿನಗರದ ಸೀರೆ ಅಂಗಡಿಯಲ್ಲಿ ತಿಮ್ಮಯ್ಯ ಆ ಕಾರ್ಡನ್ನು ಎರಡೂ ಕೈಯಲ್ಲಿ, ತಾಂಬೂಲ ಕೊಡುವ ಹಾಗೆ ಕೊಟ್ಟ. ಅಂಗಡಿಯವನು ಯಂತ್ರದಲ್ಲಿ ಉಜ್ಜುವ ಮುಂಚೆ ಅದರ ಮೇಲಿನ ಕುಂಕುಮವನ್ನು ಪಂಚೆಯಿಂದ ಒರೆಸಬೇಕಾಯಿತು. ಲಿಂಗಮ್ಮನಿಗೆ ಹಸಿರು ಸೀರೆ. ಬಣ್ಣ ಯಾವುದೆಂದು ಅವಳು ಎರಡು ಸಲ ಕೇಳಿದಳು. ತಿಮ್ಮಯ್ಯ ಆ ಖುಷಿಯಲ್ಲಿ ಅದನ್ನು ಗಮನಿಸಲಿಲ್ಲ.

ಹಬ್ಬ ಮುಗಿದು ಅವನು ಬ್ಯಾಂಕಿಗೆ ಫೋನು ಮಾಡಿದ. ಒಂದನ್ನು ಒತ್ತಿ, ಮೂರನ್ನು ಒತ್ತಿ ಅಂತ ಯಂತ್ರ ಆಡಿಸಿ ಆಡಿಸಿ, ಕೊನೆಗೆ ಒಬ್ಬ ಹುಡುಗಿ ಸಿಕ್ಕಳು.

"ಸಾರ್, ವೆಲ್‌ಕಮ್ ಆಫರ್ ಎಕ್ಸ್‌ಪೈರ್ ಆಗಿದೆ ಸಾರ್."

"ಇಲ್ಲಮ್ಮ, ಎರಡು ತಿಂಗಳು ಇನ್ನೂ ಆಗಿಲ್ಲ. ಕಾರ್ಡ್ ಬಂದಿದ್ದೇ ಆಷಾಢದಲ್ಲಿ."

"ಕಾರ್ಡ್ ನಿಮ್ಗೆ ಬಂದ ದಿನದಿಂದ ಅಲ್ಲ ಸಾರ್, ನಾವು ಇಶ್ಯೂ ಮಾಡಿದ ದಿನದಿಂದ. ಹೋದ ವಾರಾನೇ ಮುಗೀತು."

"ಆಷಾಢ ಇತ್ತಲ್ಲಮ್ಮ. ಆ ತಿಂಗಳು ಬಿಟ್ಟು ಲೆಕ್ಕ ಹಾಕಿ."

ಹುಡುಗಿ ದನಿ ತಗ್ಗಿಸಿ ಹೇಳಿದಳು: "ನಮ್ಮನೇಲೂ ಆಷಾಢದಲ್ಲಿ ಏನೂ ಮಾಡಲ್ಲ ಸಾರ್. ಆದ್ರೆ ಸಿಸ್ಟಮ್‌ಗೆ ಆಷಾಢ ಗೊತ್ತಿಲ್ಲ. ಸಾರಿ ಸಾರ್."

ತಿಮ್ಮಯ್ಯ ಫೋನು ಇಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತ. ಒಳಗೆ ಲಿಂಗಮ್ಮ ಕಳಶದ ಅಕ್ಕಿಯನ್ನು ಡಬ್ಬಿಗೆ ಸುರಿಯುತ್ತಿದ್ದಳು, ಅರ್ಧ ಹೊರಗೆ ಚೆಲ್ಲುತ್ತಿತ್ತು.

"ಏನಂದ್ರು?"

"ಕಳಿಸ್ತಾರಂತೆ. ಸ್ವಲ್ಪ ತಡ ಆಗುತ್ತಂತೆ."

ಬೇರೆ ಬ್ಯಾಂಕಿನ ಕಾರ್ಡಿಗೆ ಅರ್ಜಿ ಹಾಕಿದ, ಅದು ಬರಲಿಲ್ಲ. ಮತ್ತೊಂದಕ್ಕೆ ಹಾಕಿದ, ಆ ಕೊಡುಗೆ ದಸರೆಗೇ ಮುಗಿದಿತ್ತು. ಲಿಂಗಮ್ಮನ ಕಣ್ಣು ಯಾರ ಕೊಡುಗೆಗೂ ಕಾಯಲಿಲ್ಲ. ದೀಪಾವಳಿಯಲ್ಲಿ ಅವಳು ಹಣತೆಗೆ ಎಣ್ಣೆ ಹಾಕುವಾಗ ಬೆರಳು ಅದ್ದಿ ಅಳತೆ ನೋಡುತ್ತಿದ್ದಳು. ಕೇಳಿದರೆ, "ಕಾಣುತ್ತೆ ಕಣ್ರೀ, ಕತ್ಲಲ್ಲಿ ಒಂಚೂರು ಮಂಜು ಅಷ್ಟೇ" ಅನ್ನುತ್ತಿದ್ದಳು. ವಿಮಾನದ ಸದ್ದು ಬಂದರೆ ಈಗ ತಲೆ ಎತ್ತುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ತಿಮ್ಮಯ್ಯ ಇನ್ನು ತಡೆಯಲಿಲ್ಲ. ಅದೇ ಕಾರ್ಡನ್ನು ಉಜ್ಜಿ, ದುಡ್ಡು ಕೊಟ್ಟೇ ಮುಂಬಯಿಗೆ ಎರಡು ಟಿಕೆಟ್ ಕೊಂಡ. ಮನೆಗೆ ಬಂದು, ಬ್ಯಾಂಕಿನವರು ಕಳಿಸಿದರು ಅಂದ. ಲಿಂಗಮ್ಮ ಅವನ ಮಾತು ನಂಬದೆ, ಹುಬ್ಬಳ್ಳಿಯಿಂದ ಮರಳಿದ್ದ ಹನುಮೇಶನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದಳು.

"ನಿಜ ಹೇಳಪ್ಪ. ಬಿಟ್ಟೀನೇ ತಾನೇ?"

ಹನುಮೇಶ ತಿಮ್ಮಯ್ಯನ ಮುಖ ನೋಡಿದ. ದಿನಕ್ಕೆ ನೂರು ಸುಳ್ಳು ಹೇಳಿ ಹೊಟ್ಟೆ ಹೊರೆಯುವ ಹುಡುಗ, ಈ ಒಂದನ್ನು ಮಾತ್ರ ಮೆಟ್ಟಿಲು ನೋಡಿಕೊಂಡು ಹೇಳಿದ.

"ಹೂಂ ರೀ ಅವ್ವಾರ. ಪೂರಾ ಬಿಟ್ಟಿ."

ವಿಮಾನದಲ್ಲಿ ಅವಳಿಗೆ ಕಿಟಕಿಯ ಪಕ್ಕ. ಹಸಿರು ಸೀರೆ, ಮುಡಿಯಲ್ಲಿ ಮಲ್ಲಿಗೆ, ಮಡಿಲಲ್ಲಿ ಚಕ್ಕುಲಿ ಡಬ್ಬಿ. ಗಾಲಿ ನೆಲ ಬಿಟ್ಟಾಗ ಅವಳು ತಿಮ್ಮಯ್ಯನ ಮಣಿಕಟ್ಟು ಹಿಡಿದ ಹಿಡಿತದ ಗುರುತು ಯುಗಾದಿಯವರೆಗೂ ಇತ್ತಂತೆ. ಮೇಲೆ ಏರಿ ವಿಮಾನ ಸಮವಾದ ಮೇಲೆ ಕಣ್ಣು ಮುಚ್ಚಿ ಒರಗಿದಳು. ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ, ಹಾಗೇ ಜೊಂಪು ಹತ್ತಿತು. ಬಿಸಿಲು ನೇರವಾಗಿ ಅವಳ ಮುಖಕ್ಕೆ ಹೊಡೆಯುತ್ತಿತ್ತು. ಆ ಕಣ್ಣಿಗೆ ಬಿಸಿಲು ಆಗದೆಂದು ತಿಮ್ಮಯ್ಯ ಕೈಚಾಚಿ ಕಿಟಕಿಯ ಬಿಳಿ ಪ್ಲಾಸ್ಟಿಕ್ಕಿನ ಪರದೆಯನ್ನು ಕೆಳಗೆಳೆದ. ಎದ್ದ ಮೇಲೆ ತೆರೆದರಾಯಿತು ಅಂದುಕೊಂಡ.

ಲಿಂಗಮ್ಮ ಎಚ್ಚರವಾದವಳೇ ಕಿಟಕಿಯ ಕಡೆ ತಿರುಗಿದಳು. ಅವನ ಕೈ ಇನ್ನೂ ಪರದೆಯ ಹತ್ತಿರ ಹೋಗುತ್ತಿತ್ತು.

"ಅಬ್ಬಾ! ಎಷ್ಟ್ ಬೆಳ್ಳಗಿದೆ ನೋಡ್ರೀ" ಅಂದಳು. "ಹತ್ತಿ ಹಿಂಜಿ ಹಾಸಿದಂಗೆ. ಕೊನೇನೇ ಇಲ್ವಲ್ರೀ ಇದಕ್ಕೆ!"

ತಿಮ್ಮಯ್ಯನ ಕೈ ಗಾಳಿಯಲ್ಲೇ ನಿಂತಿತು.

"ಕಾಣ್ತಾ ಇದ್ಯಾ?"

"ಕಾಣ್ದೇ ಏನು? ಅಲ್ನೋಡಿ, ಆ ಕಡೆ ಬೆಟ್ಟದಂಗೆ ಎದ್ದಿದೆ. ಒಳ್ಳೇ ಕೆಲ್ಸ ಮಾಡಿದ್ರಿ. ಟಿಕೆಟ್ಟಿಗೆ ಎಷ್ಟು ಓಡಾಡಿದ್ರಿ ಪಾಪ." ಅವಳು ಮುಚ್ಚಿದ ಕಿಟಕಿಗೆ ಹಣೆ ತಾಗಿಸುವಷ್ಟು ಬಾಗಿ ನಗುತ್ತಿದ್ದಳು.

ಎಷ್ಟು ದಿನದಿಂದ ಹೀಗೆ ಕಾಣದೆಯೇ ಕಾಣುತ್ತಿದೆ ಅನ್ನುತ್ತಿದ್ದಳೋ. ಸೀರೆಯ ಬಣ್ಣ, ಹಣತೆ, ಚೆಲ್ಲಿದ ಅಕ್ಕಿ, ಎಲ್ಲವೂ ಈಗ ಸಾಲಾಗಿ ಬಂದು ಅವನ ಎದೆಯ ಮೇಲೆ ಕೂತವು. ತಾನು ಹೇಳಿದ ಒಂದು ಸುಳ್ಳನ್ನು ಹೊತ್ತು ತಿಂಗಳುಗಟ್ಟಲೆ ಬೆವರಿದವನು ಅವನು. ಅವಳೋ ದಿನಕ್ಕೊಂದರಂತೆ ಹೊತ್ತಿದ್ದಳು.

ಅವನು ಸದ್ದಾಗದ ಹಾಗೆ ಪರದೆಯನ್ನು ಮೇಲೆತ್ತಿದ. ಹೊರಗೆ ಮೋಡ ನಿಜವಾಗಿಯೂ ಹತ್ತಿ ಹಿಂಜಿದಂತೆ ಹಾಸಿತ್ತು, ದೂರದಲ್ಲಿ ಒಂದು ಕಡೆ ಬೆಟ್ಟದಂತೆ ಎದ್ದೂ ಇತ್ತು. ಬಿಸಿಲು ಅವಳ ಕಣ್ಣಿನೊಳಕ್ಕೆ ಬಿತ್ತು. ರೆಪ್ಪೆ ಬಡಿಯಲಿಲ್ಲ. ಮುಖದ ನಗು ಇದ್ದ ಹಾಗೇ ಇತ್ತು.

"ನೀವೂ ನೋಡ್ರೀ" ಅಂದಳು.

"ನೋಡ್ತಾ ಇದೀನಿ ಕಣೇ" ಅಂದ ತಿಮ್ಮಯ್ಯ. ಅವನು ನೋಡುತ್ತಿದ್ದುದು ಅವಳನ್ನು.

ಬರುವಾಗ ರೈಲು. ರೈಲಿನಲ್ಲಿ ಪೂರ್ತಿ ಒಂದು ಹಗಲು ಅವಳು ಎದುರು ಸೀಟಿನವರಿಗೆಲ್ಲ ಮೋಡದ ವರ್ಣನೆ ಮಾಡಿದಳು. ಮೋಡದ ಮೇಲೆ ಕೊಕ್ಕರೆ ನಡೆಯುತ್ತಿತ್ತು ಅಂತಲೂ ಸೇರಿಸಿದಳಂತೆ. ತಿಮ್ಮಯ್ಯ ಒಂದಕ್ಕೂ ಅಡ್ಡಿ ಹೇಳಲಿಲ್ಲ. ಹೌದು ಹೌದು, ಎರಡು ಕೊಕ್ಕರೆ ಅಂದ.

ಏನು? ಪರದೆ ಮುಚ್ಚಿತ್ತು ಅಂತ ಅವಳಿಗೆ ಕೊನೆಗೂ ಗೊತ್ತಾಯಿತೇ ಅಂತಲೋ? ನೋಡು, ಅದನ್ನು ತಿಮ್ಮಯ್ಯ ಯಾರಿಗೂ—

"ಮಾವಾ! ಎಷ್ಟ್ ಸಲ ಕರೀಬೇಕು? ಮುದ್ದೆ ಕಲ್ಲಾಗ್ತಾ ಇದೆ, ಎದ್ದು ಬನ್ನಿ!"

ಬಂದೆ ಕಣಮ್ಮ ಕುಸುಮಾ, ಬಂದೆ. ಏಳಪ್ಪ, ಸೊಸೆ ಕರೆಯುತ್ತಿದ್ದಾಳೆ, ನೀನೂ ಕೈ ತೊಳಿ.