ಮಡಿ ಅಡುಗೆಯ ಗಂಗಾಲಕ್ಷ್ಮಿಯ ಹಗಲು ನಿದ್ದೆ

ಗಂಗಾಲಕ್ಷ್ಮಿಯನ್ನು ಸೋಮಾರಿ ಅಂದವರ ಬಾಯಲ್ಲಿ ಹುಳ ಬೀಳಲಿ. ಹಾಗಂದವರು ಶೃಂಗೇರಿಯಲ್ಲೂ ಇದ್ದಾರೆ, ಕೊಪ್ಪದಲ್ಲೂ ಇದ್ದಾರೆ. ಅವರಲ್ಲಿ ಅರ್ಧಕ್ಕರ್ಧ ಜನ ಅವಳು ಕರಿದ ವಡೆಯನ್ನು ಬೇಡ ಅನ್ನದೆ ಬಡಿಸಿಕೊಂಡು ತಿಂದವರೇ. ಇಪ್ಪತ್ತು ವರ್ಷ ಸೌದೆ ಒಲೆಯ ಮುಂದೆ ನಿಂತ ಹೆಂಗಸು, ಮಾರಾಯ್ರೇ. ಸೋಮಾರಿಗಳು ಆ ಕೆಲಸಕ್ಕೆ ಬರುವುದಿಲ್ಲ.

ಅವಳದು ಶ್ರಾದ್ಧದ ಅಡುಗೆ. ಮದುವೆ ಮುಂಜಿಗಾದರೆ ಅಡುಗೆಯವರ ದಂಡೇ ಸಿಗುತ್ತದೆ, ತಿಥಿಯ ಅಡುಗೆ ಹಾಗಲ್ಲ. ಬೆಳಿಗ್ಗೆ ತಲೆಗೆ ನೀರು ಹೊಯ್ದುಕೊಂಡು, ಯಾರೂ ಮುಟ್ಟದ ಸೀರೆ ಉಟ್ಟು ಮಡಿಯಲ್ಲಿ ಒಳಗೆ ಹೋದವಳು ಬ್ರಾಹ್ಮಣರ ಊಟ ಮುಗಿಯುವವರೆಗೆ ಯಾರನ್ನೂ ಮುಟ್ಟುವಂತಿಲ್ಲ, ಬಾಯಿಗೆ ತೊಟ್ಟು ನೀರು ಬಿಟ್ಟುಕೊಳ್ಳುವಂತಿಲ್ಲ. ಉಪ್ಪು ಸರಿಯಿದೆಯಾ ಅಂತ ನಾಲಗೆಗೆ ತಾಗಿಸುವ ಮಾತಂತೂ ಇಲ್ಲವೇ ಇಲ್ಲ. ಗಂಗಾಲಕ್ಷ್ಮಿ ಕಣ್ಣಳತೆಯಲ್ಲಿ ಹಾಕಿದ ಉಪ್ಪು ಯಾವತ್ತೂ ಹೆಚ್ಚುಕಡಿಮೆ ಆಗಿರಲಿಲ್ಲ. "ಈಕೆ ಬರ್ತಾಳೆ ಅಂದ್ರೆ ಪಿತೃಗಳು ಹಿಂದಿನ ದಿನವೇ ಬಂದು ಜಗಲಿ ಮೇಲೆ ಕೂತಿರ್ತಾರೆ" ಅಂತ ಪುರೋಹಿತರು ತಮಾಷೆ ಮಾಡುವುದಿತ್ತು. ಆ ಮಾತು ಕೇಳಿದರೆ ಅವಳಿಗೆ ಒಳಗೊಳಗೇ ಹಿಗ್ಗು. ಗಂಡ ದತ್ತಮೂರ್ತಿ ದೇವಸ್ಥಾನದ ಬೀದಿಯ ಪೂಜಾಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಕ್ಕಳಿರಲಿಲ್ಲ, ಇದ್ದದ್ದು ಬಾಡಿಗೆಯ ಎರಡು ಕೋಣೆ. ಆದರೂ ಅವಳಿಗೆ ಊರಿನಲ್ಲಿ ಒಂದು ಸ್ಥಾನ ಇತ್ತು, ಅದು ಪೂರ್ತಿ ಅವಳ ಮಡಿಯ ಮೇಲೆ ನಿಂತಿತ್ತು.

ಮಡಿಗೆ ಇನ್ನೊಂದು ನಿಯಮ ಇದೆ. ನಿದ್ದೆ ಬಂದರೆ ಮಡಿ ಹೋಯಿತು. ಕೂತಲ್ಲೇ ಒಂದು ಜೊಂಪು ಹತ್ತಿದರೂ ಮತ್ತೆ ಸ್ನಾನ, ಮತ್ತೆ ಬೇರೆ ಸೀರೆ. ಆ ಜೊಂಪಿನ ನಂತರ ಮುಟ್ಟಿದ ಅಡುಗೆ ಶ್ರಾದ್ಧಕ್ಕೆ ಬಾರದು. ಮೊದಲೆಲ್ಲ ಈ ನಿಯಮದ ಬಗ್ಗೆ ಅವಳು ಯೋಚಿಸಿದ್ದೇ ಇಲ್ಲ. ಉರಿಯುವ ಒಲೆ ಮುಂದೆ ನಿಂತವರಿಗೆ ಯಾರಿಗಾದರೂ ನಿದ್ದೆ ಬರುತ್ತದಾ?

ಅವಳಿಗೆ ಬಂತು. ಮೊದಲು ಎಡಗಾಲು ಜೋಮು ಹಿಡಿಯಿತು. ಚಪ್ಪಲಿ ಕಾಲಿನಿಂದ ಜಾರಿ ರಸ್ತೆಯಲ್ಲೇ ಉಳಿದರೂ ಗೊತ್ತಾಗದೆ ಮನೆವರೆಗೆ ನಡೆದುಕೊಂಡು ಬಂದಿದ್ದಳು. ಆಮೇಲೆ ಒಂದು ಕಣ್ಣು ಮಂಜಾಯಿತು. ಅದರ ಬೆನ್ನಿಗೇ ಈ ಹಾಳು ನಿದ್ದೆ. ರಾತ್ರಿ ಎಷ್ಟು ಮಲಗಿದರೂ ಅಷ್ಟೇ, ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹಿಂದಿನಿಂದ ಯಾರೋ ಬಂದು ಕಂಬಳಿ ಹೊದಿಸಿದ ಹಾಗೆ ಆಗುವುದು. ಆಕಳಿಕೆ ಇಲ್ಲ, ಮುನ್ಸೂಚನೆ ಇಲ್ಲ. ಮಾತಾಡುತ್ತಿದ್ದವಳು ಮಾತಿನ ನಡುವೆಯೇ ಇಲ್ಲ. ಬಸರೀಕಟ್ಟೆಗೆ ಹೋಗುವ ಜೀಪಿನಲ್ಲಿ ಪಕ್ಕದವರ ಹೆಗಲಿಗೆ ಒರಗಿ ಬೈಸಿಕೊಂಡಳು. ನೆಂಟರ ಮನೆಯ ಅರಿಶಿನ ಕುಂಕುಮಕ್ಕೆ ಹೋದವಳು ತಟ್ಟೆ ಹಿಡಿದೇ ನಿದ್ದೆ ಹೋದಳು. "ಹಗಲು ಮಲಗೋ ಹೆಂಗಸರ ಮನೇಲಿ ಲಕ್ಷ್ಮಿ ನಿಲ್ಲಲ್ಲ" ಅಂತ ಅಲ್ಲೇ ಒಬ್ಬಳು ಅಂದಳು, ಇವಳಿಗೆ ಕೇಳಲಿ ಅಂತಲೇ.

ದತ್ತಮೂರ್ತಿ ಒಳ್ಳೆಯವನು, ಆದರೆ ಯಾವುದನ್ನೂ ಬೇಗ ಮಾಡುವ ಜಾಯಮಾನದವನಲ್ಲ. ಕಷಾಯ ಆಯಿತು, ನಿಂಬೆಹಣ್ಣು ಇಳಿಸಿದ್ದಾಯಿತು, ರಕ್ತ ಕಡಿಮೆ ಅಂತ ಟಾನಿಕ್ ಆಯಿತು. ಕೊನೆಗೆ ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ತಲೆ, ಬೆನ್ನು ಎರಡನ್ನೂ ಸ್ಕ್ಯಾನ್ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು. ನರಗಳ ಮೇಲಿನ ಹೊದಿಕೆಯನ್ನು ಮೈಯೇ ತಿನ್ನುವ ರೋಗವಂತೆ. ವಾಸಿ ಆಗುವುದಿಲ್ಲ, ಜೋರಾಗದಂತೆ ಹಿಡಿದಿಡಬಹುದು ಅಷ್ಟೇ. ನಿದ್ದೆಯೂ ಅದರದ್ದೇ ಒಂದು ಭಾಗ ಅಂತ ಡಾಕ್ಟರಮ್ಮ ಹೇಳಿದಾಗ ಗಂಗಾಲಕ್ಷ್ಮಿ ಅವರ ಕೈ ಹಿಡಿದುಕೊಂಡು ಅತ್ತಳು. ಖಾಯಿಲೆ ಬಂತು ಅಂತ ಅಲ್ಲ, ಸೋಮಾರಿತನ ಅಲ್ಲ ಅಂತ ಒಬ್ಬರಾದರೂ ಹೇಳಿದರಲ್ಲ ಅಂತ.

"ನಿದ್ದೆ ಜೊತೆ ಕುಸ್ತಿ ಮಾಡಬೇಡಿ. ಹಗಲು ಹೊತ್ತು ನೋಡಿಕೊಂಡು ಸ್ವಲ್ಪ ಸ್ವಲ್ಪ ಮಲಗಿ. ಬಿಸಿ, ಬೆಂಕಿ ಹತ್ತಿರ ಹೋಗಲೇಬೇಡಿ, ಜಾಸ್ತಿ ಆಗ್ತದೆ. ಈ ಎಚ್ಚರದ ಮಾತ್ರೆ ದಿನಾ ಬೆಳಿಗ್ಗೆ ತಪ್ಪಿಸದೆ ತಗೊಳ್ಳಿ" ಅಂದರು ಡಾಕ್ಟರಮ್ಮ. ಒಳ್ಳೆಯ ಮಾತೇ. ಆದರೆ ಬೆಂಕಿ ಬಿಟ್ಟರೆ ಇವಳಿಗೆ ಕೆಲಸ ಎಂತ ಉಂಟು?

ಕೆಲಸ ಬಿಡಲಿಲ್ಲ. ಉಪಾಯ ಹುಡುಕಿದಳು. ಸ್ನಾನಕ್ಕೆ ಮೊದಲೇ, ನಸುಕಿನಲ್ಲೇ ಮಾತ್ರೆ ನುಂಗುವಳು. ಬಾವಿಯ ತಣ್ಣೀರನ್ನೇ ಹೊಯ್ದುಕೊಂಡು ಸೀರೆಯನ್ನು ಒದ್ದೆಯಾಗಿಯೇ ಉಡುವಳು. ಕೂತರೆ ಕೆಟ್ಟೆ ಅಂತ ನಿಂತೇ ತರಕಾರಿ ಹೆಚ್ಚುವಳು. ಜೊಂಪು ಒತ್ತಿ ಬಂದಾಗ ವಿಷ್ಣುಸಹಸ್ರನಾಮ ಜೋರಾಗಿ ಹೇಳುವಳು, ನಾಲಗೆ ತೊದಲಿದರೆ ತೊಡೆ ಚಿವುಟಿಕೊಳ್ಳುವಳು. ರಾತ್ರಿ ಮನೆಗೆ ಬಂದು ನೋಡಿದರೆ ತೊಡೆಯೆಲ್ಲ ಕಪ್ಪು ಕಪ್ಪು. ದತ್ತಮೂರ್ತಿ ಕೊಬ್ಬರಿ ಎಣ್ಣೆ ಹಚ್ಚುತ್ತಾ, "ಸಾಕು ಮಾರಾಯ್ತಿ, ಬಿಡು" ಅನ್ನುವನು. "ಬಿಟ್ಟು ಎಂತ ಮಾಡ್ಲಿ? ಮಲಗ್ಲಾ?" ಅನ್ನುವಳು ಇವಳು.

ಹೀಗೆ ಒಂದು ವರ್ಷ ದೂಡಿದಳು. ಆಮೇಲೆ ಬಂತು ನೋಡಿ, ಕೊಪ್ಪದ ಹತ್ತಿರದ ನಾರ್ವೆ ಊರಿನ ಭಾರ್ಗವಿಯ ಮನೆಯ ತಿಥಿ.

ಭಾರ್ಗವಿ ಸಣ್ಣ ವಯಸ್ಸಿನ ಗೃಹಿಣಿ, ಅವಳ ಮಾವನ ಶ್ರಾದ್ಧ. ಬೇಸಿಗೆ, ಒಲೆಗಳು ಮೂರೂ ಹೊತ್ತಿ ಉರಿಯುತ್ತಿದ್ದವು. ಅಡುಗೆ ಮುಕ್ಕಾಲು ಮುಗಿದಿತ್ತು. ಗಂಗಾಲಕ್ಷ್ಮಿ ಎಳ್ಳುಂಡೆಗೆ ಬೆಲ್ಲದ ಪಾಕ ಇಟ್ಟಿದ್ದು ನೆನಪು. ಮತ್ತೆ ಕಣ್ಣು ಬಿಟ್ಟಾಗ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು, ಸೌಟು ಮಡಿಲಲ್ಲಿತ್ತು. ಎದ್ದವಳೇ ಗಾಬರಿಯಲ್ಲಿ ಪಾಕ ಇಳಿಸಿದಳು, ಪಾಯಸ ತಿರುವಿದಳು, ಅನ್ನದ ಮುಚ್ಚಳ ತೆಗೆದು ನೋಡಿದಳು. ಏನೂ ಹೊತ್ತಿರಲಿಲ್ಲ. ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊರಗೆ ಪುರೋಹಿತರ ಸಂಕಲ್ಪ ಕೇಳುತ್ತಿತ್ತು. ಎಲ್ಲ ಪಾತ್ರೆ ಮುಟ್ಟಿ ಆದಮೇಲೆ ಅವಳಿಗೆ ಹೊಳೆಯಿತು, ತನ್ನ ಮಡಿ ಹೋಗಿದೆ ಅಂತ.

ಯಾರೂ ನೋಡಿರಲಿಲ್ಲ, ತಿಳಿಯಿತಾ? ಬಾಯಿ ಮುಚ್ಚಿಕೊಂಡು ಬಡಿಸಿದ್ದರೆ ಆ ಮನೆಯ ಪಿತೃಗಳೇನು ಬಂದು ಸಾಕ್ಷಿ ಹೇಳುತ್ತಿದ್ದರಾ? ನಾನಾಗಿದ್ದರೆ ಹೇಳುತ್ತಿರಲಿಲ್ಲಪ್ಪ. ಇವಳು ಬಾಗಿಲಿಗೆ ಬಂದು ಭಾರ್ಗವಿಯನ್ನು ಕರೆದು, ಕೈ ಮುಗಿದು, "ನಂಗೆ ನಿದ್ದೆ ಬಂತು ತಾಯೀ. ಮುಟ್ಟಿಬಿಟ್ಟೆ ಎಲ್ಲ" ಅಂದಳು.

ಭಾರ್ಗವಿ ಒಂದೂ ಕೆಟ್ಟ ಮಾತಾಡಲಿಲ್ಲ. "ಖಾಯಿಲೆ ಅಲ್ವಾ, ನೀವೆಂತ ಮಾಡ್ತೀರಿ" ಅಂದಳು. ತಾನೇ ಹೋಗಿ ತಲೆಗೆ ನೀರು ಹೊಯ್ದುಕೊಂಡು ಬಂದು, ಹೊಸ ಪಾತ್ರೆಯಲ್ಲಿ ಅನ್ನ, ಒಂದು ಪಲ್ಯ, ಒಂದು ಪಾಯಸ ಬೇಗ ಬೇಗ ಬೇಯಿಸಿದಳು. ಗಂಗಾಲಕ್ಷ್ಮಿ ಹಿತ್ತಿಲ ಕಟ್ಟೆಯ ಮೇಲೆ ಕೂತು ಆ ಹುಡುಗಿ ಕೆಮ್ಮುತ್ತಾ ಒಲೆ ಊದುವುದನ್ನು ಕೇಳಿಸಿಕೊಂಡಳು. ತಾನು ಮಾಡಿದ ಅಷ್ಟೂ ಅಡುಗೆ ದನದ ಕೊಟ್ಟಿಗೆ ಕಡೆ ಹೋಯಿತು. ಮನೆಯವರು ಜೀಪು ಮಾಡಿ ಅವಳನ್ನು ಶೃಂಗೇರಿಗೆ ಕಳಿಸಿಕೊಟ್ಟರು, ಜೊತೆಗೆ ಒಂದು ಗೊನೆ ಬಾಳೆಹಣ್ಣು. ಬೈದಿದ್ದರೆ ಚೆನ್ನಾಗಿತ್ತು ಅಂತ ಅವಳಿಗೆ ಅನಿಸಿತು.

ಸುದ್ದಿಗೆ ಕಾಲಿದೆಯಾ, ರೆಕ್ಕೆಯೇ ಇರುವುದು. ಯಾರೂ ಅವಳನ್ನು ಬೇಡ ಅನ್ನಲಿಲ್ಲ. "ಈ ಸಲ ನಾವೇ ಸಣ್ಣದಾಗಿ ಮಾಡ್ಕೊಳ್ತೇವೆ", "ಈ ಸಲ ಗೋಕರ್ಣಕ್ಕೆ ಹೋಗ್ತಿದ್ದೇವೆ", "ನೀವು ಆರಾಮ ಮಾಡಿ". ಫೋನು ಬರುವುದು ನಿಂತಿತು. ಇವಳು ಮನೆಯಲ್ಲೇ ಉಳಿದಳು. ಡಾಕ್ಟರಮ್ಮ ಹೇಳಿದಂತೆ ಹೊತ್ತು ಹೊತ್ತಿಗೆ ಮಲಗಿದಳು, ಬೆಂಕಿ ಹತ್ತಿರ ಹೋಗಲಿಲ್ಲ, ಅಡುಗೆಯನ್ನು ದತ್ತಮೂರ್ತಿಯೇ ಮಾಡಿದ. ಏನಾದರೂ ಗುಣ ಕಂಡಿತಾ? ಎಂತದ್ದೂ ಇಲ್ಲ. ಜೋಮು ಬಲಗಾಲಿಗೂ ಬಂತು. ನಿದ್ದೆ ಇನ್ನಷ್ಟು ಸಲಿಗೆ ಬೆಳೆಸಿತು.

ಅವಳಿಗೆ ಉಳಿದಿದ್ದು ಒಂದೇ ಒಂದು. ವೈಶಾಖದಲ್ಲಿ ಅತ್ತೆಯ ತಿಥಿ. ದತ್ತಮೂರ್ತಿಯ ಅಣ್ಣ ರವಿಶಂಕರ ನರಸಿಂಹರಾಜಪುರದಲ್ಲಿ ಸ್ವಂತ ಮನೆ ಕಟ್ಟಿದ್ದರೂ ತಿಥಿ ನಡೆಯುವುದು ತಮ್ಮನ ಈ ಎರಡು ಕೋಣೆಯಲ್ಲೇ. ಸಾಯುವವರೆಗೆ ಅತ್ತೆ ಇದ್ದದ್ದು ಗಂಗಾಲಕ್ಷ್ಮಿಯ ಹತ್ತಿರ, ಅವಳ ಕೈಯ ಅನ್ನ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಈ ಸಲ ಅಡುಗೆಗೆ ಕೊಪ್ಪದಿಂದ ಒಬ್ಬರನ್ನು ಕರೆಸುವುದು ಅಂತಾಯಿತು. ಗಂಗಾಲಕ್ಷ್ಮಿ ಹೂಂ ಅಂದಳು. "ಆದ್ರೆ ಬ್ರಾಹ್ಮಣರ ಕಾಲು ತೊಳೆವಾಗ ನೀರು ಹೊಯ್ಯೋದು ನಾನು. ಅದು ಹೆಂಡತಿ ಕೆಲಸ. ಅದನ್ನ ಯಾರಿಗೂ ಬಿಡಲ್ಲ" ಅಂದಳು. ಗಂಡ ಕಾಲು ತೊಳೆಯುವಾಗ ಪಕ್ಕದಲ್ಲಿ ನಿಂತು ತಂಬಿಗೆಯಿಂದ ನೀರು ಬಿಡಬೇಕು. ಅಷ್ಟೇ ಕೆಲಸ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮುಗಿಯುತ್ತದೆ. ಅಷ್ಟು ಸಾಕಿತ್ತು ಅವಳಿಗೆ.

ಆ ದಿನ ಬೆಳಿಗ್ಗೆ ದತ್ತಮೂರ್ತಿ ಮಾತ್ರೆ, ನೀರು ಹಿಡಿದುಕೊಂಡು ಬಂದ. ಅವಳು ತಗೊಳ್ಳಲಿಲ್ಲ.

"ಬ್ರಾಹ್ಮಣರ ಊಟ ಆಗದೆ ಬಾಯಿಗೆ ಎಂತ ಹಾಕೋದು?"

"ಔಷಧಕ್ಕೆ ದೋಷ ಇಲ್ವೇ. ಪುರೋಹಿತರೂ ಹೇಳಿದಾರೆ. ನೀನೇ ಬೇರೆಯವರ ಮನೆಗೆ ತಗೊಂಡು ಹೋಗ್ತಿರ್ಲಿಲ್ವಾ?"

"ತಗೊಂಡು ಹೋಗಿಯೇ ಅಲ್ವಾ ನಾರ್ವೆಲಿ ಹಾಗಾಗಿದ್ದು" ಅಂದಳು ಗಂಗಾಲಕ್ಷ್ಮಿ. "ಅತ್ತೆ ದಿನ ಒಂದು ಚೂರೂ ತಪ್ಪಬಾರದು."

ಹಟ ಅಂದರೆ ಇದು. ಒಮ್ಮೆ ಮಡಿ ಕೆಡಿಸಿಕೊಂಡವಳು ಈ ಸಲ ಎಲ್ಲರಿಗಿಂತ ಒಂದು ಕೈ ಮೇಲೆ ಕಟ್ಟುನಿಟ್ಟು ಆಗಬೇಕು ಅಂತ ಹೊರಟಿದ್ದಳು. ಪುಣ್ಯಾತ್ಗಿತ್ತಿ, ಅವಳನ್ನು ಎಚ್ಚರ ಇಡುತ್ತಿದ್ದದ್ದು ಅದೊಂದು ಚಿಕ್ಕ ಬಿಳಿ ಮಾತ್ರೆ! ದತ್ತಮೂರ್ತಿ ಜೋರು ಮಾಡಿ ನುಂಗಿಸಬೇಕಿತ್ತು. ಅವನಿಗೆ ಜೋರು ಬಂದರಲ್ಲವೇ? ಮಾತ್ರೆಯನ್ನು ವಾಪಸ್ಸು ಡಬ್ಬಿಗೆ ಹಾಕಿಟ್ಟ.

ತಣ್ಣೀರು ಸ್ನಾನ ಮಾಡಿದಳು. ಮಡಿಸೀರೆ ಉಟ್ಟಳು. ತಂಬಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ ತುಂಬಿಸಿಟ್ಟಳು. ಬ್ರಾಹ್ಮಣರು ಬರುವುದು ಸ್ವಲ್ಪ ತಡವಾಗುತ್ತದೆ ಅಂತ ಫೋನು ಬಂತು. ಒಳಗಿನ ಕೋಣೆಯಲ್ಲಿ ಹಾಸಿಗೆ ಇಲ್ಲದ ಬರಿಯ ನೆಲದ ಮೇಲೆ, ಗೋಡೆಗೆ ಬೆನ್ನು ತಾಗಿಸದೆ, ನೆಟ್ಟಗೆ ಕೂತಳು.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಎದುರು ಗೋಡೆಗೆ ಹೋಗಿತ್ತು. ತಲೆಯ ಕೆಳಗೆ ಯಾರೋ ದಿಂಬು ಇಟ್ಟಿದ್ದರು. ಹೊರಗೆ ಮಾತಿಲ್ಲ, ಮಂತ್ರವಿಲ್ಲ. ನೆಲ ಸಾರಿಸಿದ ವಾಸನೆ. ಗೋಡೆ ಹಿಡಿದುಕೊಂಡು ಎದ್ದು ಬಂದಳು. ಎಲೆಗಳನ್ನು ತೆಗೆದಾಗಿತ್ತು. ಕೊಪ್ಪದ ಅಡುಗೆಯಾಕೆ ಪಾತ್ರೆ ತೊಳೆದು ಬೋರಲು ಹಾಕಿ ಹೋಗಿಯೂ ಆಗಿತ್ತು. ದತ್ತಮೂರ್ತಿ ಒಬ್ಬನೇ ಕೂತಿದ್ದ, ಅವಳಿಗೆ ಬಡಿಸಿದ ಎಲೆಗೆ ಇನ್ನೊಂದು ಎಲೆ ಮುಚ್ಚಿಟ್ಟುಕೊಂಡು.

"ಎಬ್ಬಿಸ್ಲಿಲ್ವಾ ನನ್ನ?"

"ಎಬ್ಬಿಸ್ದೆ. ಕೂಗಿ ಕೂಗಿ ಎಬ್ಬಿಸ್ದೆ. ಅಣ್ಣನೂ ಕೂಗ್ದ."

"ಸುಳ್ಳು ಹೇಳ್ಬೇಡಿ."

"ನೀನೇ ಕಣ್ಣು ಬಿಟ್ಟು 'ಬಂದೆ, ನೀವು ನಡೀರಿ' ಅಂದೆ. ಕಾದ್ವಿ. ಮತ್ತೆ ಬಂದು ನೋಡಿದ್ರೆ ಹಾಗೇ ಇದ್ದೆ. ಕಾಲ ಮೀರ್ತದೆ ಅಂದ್ರು ಪುರೋಹಿತರು."

ಅವಳಿಗೆ ಒಂದೂ ನೆನಪಿಲ್ಲ. ಯಾರು ಕೂಗಿದ್ದು, ಏನಂದಿದ್ದು, ಒಂದೂ ಇಲ್ಲ. "ನೀರು ಯಾರು ಹೊಯ್ದಿದ್ದು?" ಅಂತ ಕೇಳಿದಳು.

"ಅಣ್ಣ ಕಾಲು ತೊಳೆದ, ಅತ್ತಿಗೆ ನೀರು ಹೊಯ್ದ್ರು" ಅಂದ ದತ್ತಮೂರ್ತಿ. ಅವಳ ಮುಖ ನೋಡದೆ ಉಳಿದದ್ದನ್ನೂ ಹೇಳಿಬಿಟ್ಟ. "ಮುಂದಿನ ವರ್ಷದಿಂದ ಎನ್.ಆರ್. ಪುರದಲ್ಲೇ ಮಾಡೋದು ಅಂತ ಅಣ್ಣ ಅಂದ. ಅಲ್ಲೇ ಆದ್ರೆ ಅತ್ತಿಗೆ ಇರ್ತಾರೆ. ನಿಂಗೂ ತೊಂದ್ರೆ ಇಲ್ಲ. ನಾನು... ನಾನು ಆಯ್ತು ಅಂದೆ."

ಗಂಗಾಲಕ್ಷ್ಮಿ ಎಲೆಯ ಮುಂದೆ ಕೂತಳು. ಮುಚ್ಚಿದ ಎಲೆ ತೆಗೆದಳು. ಬೇರೆಯವಳ ಕೈಯ ವಡೆ, ಬೇರೆಯವಳ ಕೈಯ ಪಾಯಸ. ಒಮ್ಮೆ ಬಾಯಿಬಿಟ್ಟು ಅತ್ತುಬಿಡಬೇಕು, ಅತ್ತೇ ಅಂತ ಕೂಗಿ ಅಳಬೇಕು ಅನಿಸಿತು. ದತ್ತಮೂರ್ತಿ ಅವಳ ಬೆನ್ನಿಗೆ ಕೈ ಇಟ್ಟ. ಅವಳು ಉಸಿರು ಎಳೆದುಕೊಂಡಳು. ಅಳು ಹೊರಗೆ ಬರುವುದರೊಳಗೆ ನಿದ್ದೆ ಬಂತು. ಕೈ ಎಲೆಯ ಮೇಲೆ, ತಲೆ ಗಂಡನ ತೋಳಿನ ಮೇಲೆ. ಅವನು ಅಲುಗಾಡದೆ ಕೂತ.